90 ಕೆಜಿ ಎತ್ತುತ್ತಿದ್ದ ಕೈ ನೀರಿನ ಬಾಟಲಿಗೆ ನಡುಗಿತು

ನೋವು ಮೊದಲು ಕಾಣಿಸಿದ್ದು ಸಿಟಿ ಬಸ್ಸಿನಲ್ಲಿ. ಮೇಲಿನ ಕಂಬಿ ಹಿಡಿದು ನಿಂತಿದ್ದೆ. ಬಸ್ಸು ಗಕ್ಕನೆ ನಿಂತಿತು, ಬಲ ಭುಜದ ಹಿಂದೆ ಮುಳ್ಳು ಮುರಿದ ಹಾಗಾಯಿತು. ಮರುದಿನ ತಲೆ ಬಾಚೋಕೂ ಎಡಗೈ ಬೇಕಾಯಿತು.

ಆಗ ನಾನು ಜಾವೆಲಿನ್, ಅಂದರೆ ಎಸೆಯುವ ಈಟಿ, ಹಿಡಿದು ಆರು ವರ್ಷ. ಎಸೆತ 61 ಮೀಟರಿಗೆ ಬಂದು ಕೂತುಬಿಟ್ಟಿತ್ತು. ಶಕ್ತಿ ಸಾಲದು ಅಂದುಕೊಂಡು ಬೆಂಚ್ ಪ್ರೆಸ್ (ಅಂಗಾತ ಮಲಗಿ ಎದೆ ಮೇಲಿಂದ ಭಾರ ಎತ್ತೋದು) ಏರಿಸುತ್ತಾ ಹೋಗಿದ್ದೆ, 90 ಕೆಜಿವರೆಗೆ. ಎದೆ ಉಬ್ಬಿತು, ಟೀ ಶರ್ಟ್ ಬಿಗಿಯಾಯಿತು. ಈಟಿ ಮಾತ್ರ ಅಲ್ಲೇ ಬೀಳುತ್ತಿತ್ತು.

ಫಿಸಿಯೋ ನನ್ನನ್ನು ಮಂಚದ ಮೇಲೆ ಮಲಗಿಸಿ, ಮೊಣಕೈ ಮಡಿಸಿ, ಅಂಗೈಯಗಲದ ಅಳತೆ ಯಂತ್ರವನ್ನು ಮಣಿಕಟ್ಟಿಗೆ ಹಿಡಿದು "ತಳ್ಳಿ" ಅಂದರು. ತೋಳನ್ನು ಒಳಕ್ಕೆ ತಿರುಗಿಸುವ ಬಲ 20 ಕೆಜಿ, ಹೊರಕ್ಕೆ ತಿರುಗಿಸುವ ಬಲ ಬರೀ 11. ಎಸೆಯುವವರಿಗೆ ಹೊರಗಿನದು ಒಳಗಿನದರ ಮೂರರಲ್ಲಿ ಎರಡು ಪಾಲಾದರೂ ಇರಬೇಕು ಅಂದರು.

ಸೊಂಟದ ಕೀಲು ಒರಳಿನಲ್ಲಿ ಗುಂಡುಕಲ್ಲು ಕೂತ ಹಾಗೆ ಭದ್ರ. ಭುಜದ ಕೀಲು ಹಾಗಲ್ಲ, ಶಾಲೆಯಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡ್ತಿದ್ವಲ್ಲ, ಹಾಗೆ. ಆ ನಿಂಬೆಹಣ್ಣು ಜಾರದಂತೆ ಹಿಡಿಯೋದು ರೊಟೇಟರ್ ಕಫ್‌ನ ನಾಲ್ಕು ಸಣ್ಣ ಸ್ನಾಯುಗಳು. 800 ಗ್ರಾಂ ಈಟಿ ಬೆರಳು ಬಿಟ್ಟ ಮೇಲೂ ತೋಳು ಓಡುತ್ತಲೇ ಇರುತ್ತದೆ. ಅದನ್ನು ಹಿಂದಿನಿಂದ ಜಗ್ಗಿ ನಿಲ್ಲಿಸುವ ಕೆಲಸದಲ್ಲಿ ಆ ನಾಲ್ಕರ ಪೈಕಿ ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್ ಮುಖ್ಯ. ನಾನು ಇವೆರಡನ್ನೂ ಕೇಳಿಯೇ ಇರಲಿಲ್ಲ.

ಆರು ವಾರ ಎಸೆತ ಬಂದ್. ಎಡ ಮಗ್ಗುಲಿಗೆ ಮಲಗಿ, ಬಲ ಮೊಣಕೈ ಮತ್ತು ಪಕ್ಕೆಲುಬಿನ ನಡುವೆ ಮಡಿಸಿದ ಟವೆಲ್ ಇಟ್ಟು, ಒಂದು ಲೀಟರ್ ನೀರಿನ ಬಾಟಲಿಯನ್ನು ನಿಧಾನಕ್ಕೆ ಎತ್ತಬೇಕು. ಇಳಿಸುವಾಗ ಒಂದು, ಎರಡು, ಮೂರು ಅಂತ ಎಣಿಸಬೇಕು. ಟವೆಲ್ ಬೀಳಬಾರದು. ಮೊದಲ ದಿನ ಹನ್ನೊಂದನೇ ಸಲಕ್ಕೆ ಕೈ ಗಡಗಡ ನಡುಗಿತು, ಬಾಟಲಿಯೊಳಗಿನ ನೀರೂ ಅಲುಗಾಡ್ತಿತ್ತು. ಪಕ್ಕದಲ್ಲಿ ಅಮ್ಮ ಅವರೆಕಾಯಿ ಸುಲೀತಾ ಕೂತಿದ್ದರು. "ಇಷ್ಟೇನಾ ನಿನ್ನ ಜಿಮ್ಮು?" ಅಂದರು.

ರಬ್ಬರ್ ಬ್ಯಾಂಡ್ ಬದಲು ಹಳೇ ಸೈಕಲ್ ಟ್ಯೂಬ್ ಸೀಳಿ ಕಿಟಕಿ ಸರಳಿಗೆ ಕಟ್ಟಿಕೊಂಡೆ. ಬೆನ್ನಿನ ರೆಕ್ಕೆ ಮೂಳೆಯನ್ನು ಪಕ್ಕೆಗೆ ಅಂಟಿಸಿ ಹಿಡಿಯುವ ಸ್ನಾಯುವಿಗೆ ಅಂತ, ಪುಶ್‌ಅಪ್ ಮೇಲೆ ಬಂದಾಗ ಬೆನ್ನನ್ನು ಇನ್ನೂ ಒಂದಿಂಚು ತಳ್ಳೋದು ಕಲಿತೆ. ನನಗೆ ಹೆಚ್ಚು ಕೆಲಸ ಮಾಡಿದ್ದು ಕೊನೆಗೆ ಸೇರಿಸಿದ ಒಂದು ಅಭ್ಯಾಸ. ಒಂದು ಮಂಡಿಯೂರಿ ಕೂರಬೇಕು, ಗೆಳೆಯ ಹಿಂದಿನಿಂದ ಒಂದು ಕೆಜಿ ಚೆಂಡು ಎಸೆಯುತ್ತಾನೆ. ಅದನ್ನು ಭುಜದೆತ್ತರದಲ್ಲಿ ಹಿಡಿದು, ಕೈ ಮುಂದಕ್ಕೆ ಹೋಗುವುದನ್ನು ತಡೆದು, ಹಿಂದಕ್ಕೇ ಎಸೆಯಬೇಕು. ಎಸೆತದ ಕೊನೆಯ ಭಾಗವನ್ನು ಮಾತ್ರ ಕತ್ತರಿಸಿ ಕೊಟ್ಟ ಹಾಗೆ. ಭುಜ ಇನ್ನೂ ನೋಯುತ್ತಿರುವಾಗ ಇದಕ್ಕೆ ಕೈ ಹಾಕಬೇಡಿ, ನಾನು ಎಂಟನೇ ವಾರಕ್ಕೆ ಶುರುಮಾಡಿದ್ದು.

ಮೂರು ತಿಂಗಳಿಗೆ ಒಳಗಿನ ಬಲ 21 ಕೆಜಿಗೆ, ಹೊರಗಿನದು 15ಕ್ಕೆ ಬಂತು. ನಿಂತಲ್ಲಿಂದ ಎಸೆತ, ಆಮೇಲೆ ಮೂರು ಹೆಜ್ಜೆ, ಆಮೇಲೆ ಪೂರ್ತಿ ಓಟ. ಆತುರಪಡದೇ ಇರೋದು ವ್ಯಾಯಾಮಕ್ಕಿಂತ ಕಷ್ಟ ಕಣ್ರೀ. ಆಗೆಲ್ಲ ನೀರಜ್ ಚೋಪ್ರಾ ನೆನಪಾಗುತ್ತಿದ್ದರು. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, 2020ರ ಜನವರಿಯಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದವರು.

2025ರ ಜುಲೈ 5ರಂದು ಅವರು ಕಂಠೀರವ ಕ್ರೀಡಾಂಗಣದಲ್ಲಿ ಎಸೆಯುವಾಗ ನಾನೂ ಗ್ಯಾಲರಿಯಲ್ಲಿದ್ದೆ. 86.18 ಮೀಟರ್‌ಗೆ ಗೆದ್ದರು. ಜನ ಈಟಿ ಹೋದ ಕಡೆ ನೋಡ್ತಿದ್ದರು, ನಾನು ಅವರ ಕೈ ನೋಡ್ತಿದ್ದೆ. ನೆಲಕ್ಕೆ ಊರಿದ ಎಡಗಾಲು, ಅದರ ಮೇಲೆ ತಿರುಗುವ ಸೊಂಟ, ಎಲ್ಲಕ್ಕಿಂತ ಕೊನೆಗೆ ಬರುವ ತೋಳು. ಭುಜದ ಪಾಲಿಗೆ ಉಳಿದ ಕೆಲಸ ಎಷ್ಟು ಕಮ್ಮಿ!

ಈಗ ಬೆಂಚ್ ಪ್ರೆಸ್ 70 ಕೆಜಿ ದಾಟಿಸೋದಿಲ್ಲ. ಎಸೆತ 64ಕ್ಕೆ ಬಂದಿದೆ. ಟ್ಯೂಬ್ ಎರಡು ಸಲ ಹರಿದಿದೆ, ಪಂಕ್ಚರ್ ಅಂಗಡಿಯವರು ನನಗೆ ಅಂತಲೇ ಒಂದು ತೆಗೆದಿಟ್ಟಿರುತ್ತಾರೆ.