ತೊಲೆಗೆ ಯಾವ ಮರ? ಬಲವನ್ನು ಹೋಲಿಸಿ ನೋಡುವ ಬಗೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರು ಮೈಸೂರು ರಸ್ತೆಯ ಟಿಂಬರ್ ಯಾರ್ಡಿಗೆ ಹೋದರೆ ಮೊದಲು ಕೇಳುವುದು ತೇಗವನ್ನೇ. ಆದರೆ ತೇಗವೇ ಎಲ್ಲಕ್ಕಿಂತ ಬಲವಾದ ಮರ ಎಂಬ ನಂಬಿಕೆ ಸರಿಯಲ್ಲ. ನಮ್ಮ ದೇಶದಲ್ಲಿ ತೇಗದ ಪ್ರತಿಯೊಂದು ಗುಣವನ್ನೂ 100 ಎಂದು ಇಟ್ಟುಕೊಂಡು ಉಳಿದ ಮರಗಳನ್ನು ಅದರೊಡನೆ ಹೋಲಿಸುವ ಪದ್ಧತಿಯಿದ್ದು, ಆ ಲೆಕ್ಕದಲ್ಲಿ ಮತ್ತಿ ಮತ್ತು ಹೊನ್ನೆ ಎರಡೂ ತೂಕದಲ್ಲಿ, ಗಡಸುತನದಲ್ಲಿ ತೇಗವನ್ನು ಮೀರುತ್ತವೆ. ತೇಗದ ಹಿರಿಮೆ ಬೇರೆಯದು: ಒಣಗಿದ ಮೇಲೆ ಅದು ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ, ಅದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಮಳೆಬಿಸಿಲಿಗೆ ಒಡ್ಡಿದ ಮುಂಬಾಗಿಲಿಗೆ ತೇಗವೇ ತಕ್ಕುದು. ಭಾರ ಹೊರುವ ತೊಲೆಗೆ ಚೆನ್ನಾಗಿ ಒಣಗಿಸಿದ ಮತ್ತಿಯನ್ನು ಧೈರ್ಯವಾಗಿ ಆರಿಸಬಹುದು ಎಂಬುದು ನನ್ನ ಅಭಿಪ್ರಾಯ. ಒಣಗುವಾಗ ಮತ್ತಿ ಸೀಳುವುದುಂಟು, ಅವಸರ ಮಾಡಬಾರದು.

ಬಾಗುವಿಕೆಯನ್ನು ಮನೆಯಲ್ಲೇ ಹೋಲಿಸಬಹುದು. ಒಂದಿಂಚು ದಪ್ಪ, ಒಂದಿಂಚು ಅಗಲದ, ಗಂಟಿಲ್ಲದ ತುಂಡನ್ನು ಪ್ರತಿ ಜಾತಿಯಿಂದಲೂ ಕೊಯ್ಯಿಸಿ, 90 ಸೆಂಟಿಮೀಟರ್ ಅಂತರದಲ್ಲಿಟ್ಟ ಎರಡು ಇಟ್ಟಿಗೆಗಂಬಗಳ ಮೇಲೆ ಕೂರಿಸಿ, ನಡುವೆ 10 ಕಿಲೋ ಭಾರವನ್ನು ತೂಗುಬಿಟ್ಟು, ಮೊದಲೇ ಬಿಗಿದು ಕಟ್ಟಿದ ದಾರದಿಂದ ತುಂಡು ಎಷ್ಟು ಕೆಳಗಿಳಿಯಿತೆಂದು ಅಳೆಯಬೇಕು. ಒಣಗಿದ ತೇಗ ಸುಮಾರು 5 ಮಿಲಿಮೀಟರ್ ಬಾಗುತ್ತದೆ. ಇನ್ನೊಂದು ತುಂಡು 8 ಮಿಲಿಮೀಟರ್ ಬಾಗಿದರೆ ಅದನ್ನು ತೊಲೆಗೆ ಬಳಸದೆ ಕಪಾಟಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಇದು ಬಾಗದೆ ನಿಲ್ಲುವ ಶಕ್ತಿಯ ಅಳತೆಯೇ ಹೊರತು ಮುರಿಯುವ ಭಾರದ ಅಳತೆಯಲ್ಲ.

ಎರಡೂ ತುಂಡುಗಳು ಒಂದೇ ಮಟ್ಟಕ್ಕೆ ಒಣಗಿರದಿದ್ದರೆ ಈ ಹೋಲಿಕೆಗೆ ಬೆಲೆಯಿಲ್ಲ, ಏಕೆಂದರೆ ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದಂತೆಲ್ಲ ಮರದ ಬಲ ಏರುತ್ತ ಹೋಗುತ್ತದೆ. ಮರದ ಜಾತಿಯ ಬಗ್ಗೆಯೇ ಅನುಮಾನವಿದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದು.

ಜಾತಿಯಷ್ಟೇ ಮುಖ್ಯವಾದದ್ದು ತೊಲೆಯನ್ನು ಇಡುವ ರೀತಿ. 3 ಇಂಚು ಅಗಲ, 6 ಇಂಚು ಎತ್ತರದಲ್ಲಿ ನಿಲ್ಲಿಸಿದ ತೊಲೆಯು ಅದನ್ನೇ ಮಲಗಿಸಿಟ್ಟಾಗ ಇರುವುದಕ್ಕಿಂತ ನಾಲ್ಕು ಪಟ್ಟು ಕಡಿಮೆ ಬಾಗುತ್ತದೆ. ತೊಲೆಯ ಕೆಳಅಂಚು ಎಳೆತಕ್ಕೆ ಸಿಕ್ಕುವುದರಿಂದ ಅಲ್ಲಿ ಗಂಟಿದ್ದರೆ ಮರ ಅಲ್ಲಿಂದಲೇ ಸೀಳತೊಡಗಬಹುದು. ಆದ್ದರಿಂದ ಬಡಗಿ ತೊಲೆಯನ್ನು ಗೋಡೆಗೇರಿಸುವ ಮುನ್ನ ಗಂಟಿರುವ ಅಂಚನ್ನು ಮೇಲುಮುಖವಾಗಿ ತಿರುಗಿಸಿ ಇಡುವಂತೆ ಹೇಳಬೇಕು.