ಪಾಸ್ ಇಲ್ಲ, ಪ್ಯಾಕೇಜ್ ಇಲ್ಲ: ಜಪಾನಿನಲ್ಲಿ ನಮ್ಮ ಹದಿನಾರು ದಿನ

ಜೆ.ಆರ್. ಪಾಸ್, ಅಂದರೆ ಜಪಾನಿನಲ್ಲಿ ಪ್ರವಾಸಿಗರಿಗೆ ಸಿಗುವ ರೈಲು ಪಾಸ್, ತಗೊಳ್ಳಲ್ಲ ಅಂದಾಗ ಆಫೀಸಿನಲ್ಲಿ ಎಲ್ಲರೂ ನಕ್ಕರು. ಟೂರ್ ಪ್ಯಾಕೇಜೂ ಬೇಡ ಅಂದಾಗ ಮಾವನವರು ನಗಲೂ ಇಲ್ಲ. ನನ್ನ ಹೆಂಡತಿ ಮೊಟ್ಟೆ ಕೂಡ ಮುಟ್ಟಲ್ಲ. "ನನ್ನ ಮಗಳನ್ನ ಉಪವಾಸ ಕೆಡವಬೇಡಿ" ಅಂದರು, ಅಷ್ಟೇ. 2024ರ ಮಾರ್ಚ್‌ನಲ್ಲಿ ಹೋಗಿಬಂದೆವು. ಅವಳು ಎರಡು ಕಿಲೋ ಜಾಸ್ತಿಯಾಗಿ ವಾಪಸ್ ಬಂದಳು. ಅದನ್ನು ಹೇಳಿಕೊಳ್ಳಲೇ ಇಷ್ಟು ಬರೆಯುತ್ತಿದ್ದೇನೆ.

2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತ್ತು. ಇಬ್ಬರಿಗೆ ಲಕ್ಷ ಯೆನ್. ಆಗ ನೂರು ಯೆನ್‌ಗೆ 55 ರೂಪಾಯಿ ಚಿಲ್ಲರೆ, ಲೆಕ್ಕ ಹಾಕಿಕೊಳ್ಳಿ. ನಾನು ಹಿಡಿದದ್ದು ಸೈಶುನ್ 18 ಟಿಕೆಟ್. 12,050 ಯೆನ್, ಐದು ಖಾನೆ. ಒಂದು ಖಾನೆಗೆ ಒಬ್ಬರು ಒಂದು ದಿನ, ಬರೀ ಲೋಕಲ್ ರೈಲು. ಆಗ ಒಂದೇ ಟಿಕೆಟ್ಟನ್ನು ಇಬ್ಬರು ಹಂಚಿಕೊಳ್ಳಬಹುದಿತ್ತು. ಹೆಸರಲ್ಲಿ 18 ಇದ್ದರೂ ವಯಸ್ಸು ಯಾರೂ ಕೇಳಲ್ಲ. ನನಗೆ ನಲವತ್ತೊಂದು.

ಟೋಕಿಯೋದಿಂದ ಒಸಾಕಾಕ್ಕೆ ಬುಲೆಟ್ ರೈಲು ಶಿಂಕನ್ಸೆನ್‌ನಲ್ಲಿ ಎರಡೂವರೆ ಗಂಟೆ, ತಲಾ ಹದಿನಾಲ್ಕು ಸಾವಿರದ ಮೇಲೆ. ನಮಗೆ ತಲಾ 2,410, ಆದರೆ ಹತ್ತು ಗಂಟೆ. ಸೂಟ್‌ಕೇಸ್‌ಗಳನ್ನು ಹಿಂದಿನ ದಿನವೇ ತಕ್ಕ್ಯೂಬಿನ್ ಅನ್ನುವ ಲಗೇಜ್ ಕೊರಿಯರ್‌ಗೆ ಹಾಕಿದ್ದು ಬುದ್ಧಿವಂತಿಕೆ. ಒಂದಕ್ಕೆ ಸುಮಾರು 2,000 ಯೆನ್ ಆಯಿತು. ಅಟಾಮಿಯಲ್ಲಿ ರೈಲು ಬದಲಿಸುವಾಗ ಮಾತ್ರ ಕೆಟ್ಟೆ. ಸೀಟಿಗಾಗಿ ಇಡೀ ಬೋಗಿಯ ಜನ ಓಡಿದರು. ಮೆಜೆಸ್ಟಿಕ್‌ನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನು, ಅಲ್ಲಿ ಸಭ್ಯನಂತೆ ನಡೆದುಕೊಂಡು ಹೋದೆ. ಆಮೇಲೆ ನಿಂತೇ ಪ್ರಯಾಣ. ಆ ರೈಲಿನಲ್ಲಿ ಟಾಯ್ಲೆಟ್ ಕೂಡ ಇರಲಿಲ್ಲ. ಶಿಜುವೋಕಾ ಸೀಮೆ ಅಂದರೆ ಮುಗಿಯದ ಸೀಮೆ. ಬಲಗಡೆ ಫುಜಿ ಕಂಡಿತು, "ನೋಡೇ" ಅಂದೆ. "ಮೊದಲು ಮುಂದಿನ ಸ್ಟೇಷನ್ ಎಷ್ಟು ಹೊತ್ತು ಅಂತ ನೋಡ್ರೀ" ಅಂದಳು. ಹಮಮಾತ್ಸುವಿನಲ್ಲಿ ಇಳಿದು ಅರ್ಧ ಗಂಟೆ ಸುಮ್ನೆ ಕೂತೆವು. ಮೈಬಾರಾದಲ್ಲಿ ನಾವೂ ಓಡಿದೆವು.

ಊಟದ ಕಥೆಗೆ ಬರೋಣ. ಮೊದಲ ನಾಲ್ಕು ದಿನ ಪೂರ್ತಿ ಸೋಲು. ನಿಂತು ತಿನ್ನುವ ಸೋಬಾ (ಅಲ್ಲಿನ ನೂಡಲ್ಸ್) ಅಂಗಡಿಯಲ್ಲಿ ಏನೂ ಹಾಕದ ಸೋಬಾ ಕೇಳಿದೆವು. ಅರ್ಧ ಬಟ್ಟಲು ಮುಗಿದ ಮೇಲೆ ದಾಶಿ ನೆನಪಾಯಿತು: ಸಾರೇ ಒಣಮೀನಿನದು. ಅವಳು ಚಾಪ್‌ಸ್ಟಿಕ್ ಇಟ್ಟು ನನ್ನನ್ನು ನೋಡಿದ ನೋಟ ಈಗಲೂ ಕಣ್ಮುಂದಿದೆ. ಆಮೇಲೆ "ನಿಕು ನಾಶಿ" ಅಂತ, ಅಂದರೆ ಮಾಂಸ ಬೇಡ ಅಂತ, ಉರು ಹೊಡೆದು ಹೇಳಿದೆ. ಹ್ಯಾಮ್ ಚೂರು ಹಾಕಿದ ಸಲಾಡ್ ಬಂತು. ಅವರ ಲೆಕ್ಕದಲ್ಲಿ ಹ್ಯಾಮ್ ಮಾಂಸವಲ್ಲವೋ ಏನೋ. ಕೊನೆಗೆ ಒಂದು ಕಾರ್ಡು ಬರೆಸಿದೆ. ಏನು ಬೇಡ ಅನ್ನುವುದರ ಜೊತೆ ಏನು ಕೊಟ್ಟರೆ ಸಾಕು ಅಂತಲೂ ಅದರಲ್ಲಿತ್ತು. ಆ ಸಾಲು ಇಲ್ಲಿ ಹೇಳಲ್ಲ, ಅದಕ್ಕೆ ಪಟ್ಟ ಪಾಡು ನನಗೇ ಗೊತ್ತು. ಅದು ಕೈಗೆ ಬಂದ ಮೇಲೆ ಹತ್ತರಲ್ಲಿ ಏಳು ಕಡೆ ಊಟ ಸಿಕ್ಕಿತು.

ಮನೆಯಿಂದ ಪುಳಿಯೋಗರೆ ಗೊಜ್ಜು ಒಯ್ದಿದ್ದೆವು. ಅಂಗಡಿಯಲ್ಲಿ ಸಿಗುವ ರೆಡಿ ಅನ್ನದ ಡಬ್ಬಿ ತಂದು, ಹೋಟೆಲಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕಲಸಿದರೆ ಮುದ್ದೆ ಆಯಿತು. ಆ ಅನ್ನ ಅಂಟು, ಪುಳಿಯೋಗರೆಗೆ ಆಗಿಬರಲ್ಲ. ಆದರೆ ಮೊಸರನ್ನಕ್ಕೆ ಹೇಳಿಮಾಡಿಸಿದ್ದು! ಅಲ್ಲಿನ ಮೊಸರು ಹುಳಿಯೇ ಇಲ್ಲ, ಅರ್ಧ ದಿನ ಫ್ರಿಜ್ಜಿನ ಹೊರಗಿಟ್ಟೆ. ಒಂದು ಸಲ ಮೂರು ಹೊತ್ತು ಬಿಟ್ಟು ನೋಡಿದೆ, ರೂಮೇ ನಾರಿತು. ಒಳಗೆ ಉಮೆಬೋಶಿ (ಉಪ್ಪು ಹಾಕಿದ ಹುಳಿ ಹಣ್ಣು) ಕಿವುಚಿ ಹಾಕಿದರೆ ಉಪ್ಪಿನಕಾಯಿ ಬೇಕೇ ಇಲ್ಲ. ಟೋಕಿಯೋದ ನಿಶಿ-ಕಸಾಯಿಯಲ್ಲಿ ನಮ್ಮವರು ಜಾಸ್ತಿ, ಇಡ್ಲಿಯೂ ಸಿಗುತ್ತೆ. ಒಂದೇ ಸಲ ಹೋದೆವು. ಇಡ್ಲಿಗೆ ಅಷ್ಟು ದೂರ ಹೋಗಬೇಕಾ? ಕ್ಯೋಟೋದಲ್ಲಿ ದೇವಸ್ಥಾನದ ಶೋಜಿನ್ ಊಟಕ್ಕೆ, ಅಂದರೆ ಬೌದ್ಧ ಸನ್ಯಾಸಿಗಳ ಸಸ್ಯಾಹಾರಕ್ಕೆ, ತಲಾ ನಾಲ್ಕು ಸಾವಿರದ ಹತ್ತಿರ ಕೊಟ್ಟೆ. ದುಬಾರಿಯೇ. ಎಳ್ಳಿನ ತೋಫುವನ್ನು ಅವಳು ಕಣ್ಮುಚ್ಚಿ ತಿಂದಳು, ಜಗಳ ಅಲ್ಲಿಗೆ ಮುಗಿಯಿತು.

ಮಾರ್ಚ್ ಯಾಕೆ ಅಂದರೆ, ಆಗ ಸುಮೋ ಒಸಾಕಾದಲ್ಲಿ, ಪಕ್ಕದ ಕೋಶಿಯನ್ ಸ್ಟೇಡಿಯಂನಲ್ಲಿ ಹೈಸ್ಕೂಲ್ ಬೇಸ್‌ಬಾಲ್. ಒಸಾಕಾದ ನಂಬಾದಲ್ಲಿ ರೂಮು ಮಾಡಿದರೆ ಎರಡೂ ಕೈಗೆಟುಕುತ್ತವೆ. ಸುಮೋಗೆ ಮೇಲಿನ ಕುರ್ಚಿ, ತಲಾ ನಾಲ್ಕೈದು ಸಾವಿರ ಇರಬೇಕು. ಟಿಕೆಟ್ ಸಿಗೋದೇ ಕಷ್ಟ, ಎರಡು ಸಲ ಕೈತಪ್ಪಿತು. ನಾವು ಬೆಳಗ್ಗೆ ಹನ್ನೊಂದಕ್ಕೇ ಹೋದೆವು, ಆಗ ಕೆಳದರ್ಜೆಯವರ ಕುಸ್ತಿ, ಹಾಲ್ ಖಾಲಿ. ಎಲ್ಲಿ ಕೂತೆವು ಅಂತ ಕೇಳಬೇಡಿ. ಆ ಸಲ ಮೇಲಿನ ದರ್ಜೆಗೆ ಹೊಸದಾಗಿ ಬಂದಿದ್ದ ಟಕೆರುಫುಜಿ ಎಲ್ಲರನ್ನೂ ಕೆಡವುತ್ತಿದ್ದ. ಮೊದಲ ಹನ್ನೊಂದು ದಿನ ಸೋಲೇ ಇಲ್ಲ, ನಾವು ಹೋದ ದಿನವೂ ಗೆದ್ದ. ಹದಿನಾಲ್ಕನೇ ದಿನ ಕಾಲಿಗೆ ಪೆಟ್ಟಾಯಿತು. ಕೊನೆಯ ದಿನ ಅದೇ ಕಾಲಲ್ಲಿ ಬಂದು ಗೆದ್ದು ಕಪ್ ಹೊಡೆದ. ಹೊಸಬನೊಬ್ಬ ಹಾಗೆ ಗೆದ್ದದ್ದು 110 ವರ್ಷದಲ್ಲಿ ಅದೇ ಮೊದಲು. ಟಿವಿ ಮುಂದೆ ಇವಳು ಕುಣಿದದ್ದು ನೋಡಬೇಕಿತ್ತು.

ಕೋಶಿಯನ್‌ನಲ್ಲಿ ಹೊರಗಿನ ಗ್ಯಾಲರಿ 700 ಯೆನ್ ಅಂತ ನೆನಪು, ಒಂದೇ ಟಿಕೆಟ್‌ಗೆ ಇಡೀ ದಿನದ ಆಟ. ಆ ವರ್ಷ ಹೊಸ ಬ್ಯಾಟ್ ಬಂದಿತ್ತು, ಚೆಂಡು ಹಾರುತ್ತಲೇ ಇರಲಿಲ್ಲ. ನನಗೆ ಅದೇ ಇಷ್ಟವಾಯಿತು, ಒಂದೊಂದು ರನ್ನಿಗೂ ಹೋರಾಟ. ಡಬ್ಬಿಯಲ್ಲಿ ಮೊಸರನ್ನ, ಸುತ್ತ ಶಾಲೆಯ ಬ್ಯಾಂಡು. ನಾನು ಎರಡನೇ ದಿನವೂ ಹೋದೆ. ಅವಳು ಟಿಕೆಟ್ಟಿನ ಒಂಟಿ ಖಾನೆ ಹಿಡಿದು ಒಬ್ಬಳೇ ಹಿಮೇಜಿ ಕೋಟೆಗೆ ಹೋಗಿಬಂದಳು.

ಉಳಿದ ಎರಡು ಖಾನೆ ಹಿರೋಶಿಮಾಕ್ಕೆ. ಮಿಯಾಜಿಮಾ ದೋಣಿಯೂ ಅದರಲ್ಲೇ ಬರುತ್ತೆ, ದ್ವೀಪದ ತೆರಿಗೆ 100 ಯೆನ್ ಮಾತ್ರ ಬೇರೆ. ಒಕೊನೊಮಿಯಾಕಿ (ಕಾವಲಿಯ ಮೇಲೆ ಬೇಯಿಸುವ ಖಾರದ ರೊಟ್ಟಿ) ಅಂಗಡಿಯಲ್ಲಿ ಹಿಟ್ಟನ್ನು ಸೌಟಿನಿಂದ ತೆಳ್ಳಗೆ ಸುತ್ತಿದ್ದು ನೋಡಿ "ರೀ, ದೋಸೆ!" ಅಂದಳು. ಮೇಲೆ ಹಂದಿಮಾಂಸ ಬಿದ್ದದ್ದು ನೋಡಿ ಎದ್ದಳು. ಒಸಾಕಾಕ್ಕೆ ವಾಪಸ್ ಶಿಂಕನ್ಸೆನ್, ತಲಾ ಹತ್ತೂವರೆ ಸಾವಿರ. ಅಟಾಮಿಯಲ್ಲೇ ಮಾತು ಕೊಟ್ಟಿದ್ದೆ.

ದೂರದ ಓಡಾಟ, ಸೂಟ್‌ಕೇಸ್ ಎಲ್ಲ ಸೇರಿ 37,000 ಯೆನ್ ಆಸುಪಾಸು. ಪಾಸಿಗಿಂತ ಸುಮಾರು 35,000 ರೂಪಾಯಿ ಉಳಿಯಿತು. ವಿಮಾನ, ರೂಮು, ಊಟ ಎಲ್ಲ ಸೇರಿ ಇಬ್ಬರಿಗೂ ಮೂರು ಲಕ್ಷದೊಳಗೆ. ಪ್ಯಾಕೇಜಿನವರು ಎಂಟು ದಿನಕ್ಕೆ ಒಬ್ಬರಿಗೇ ಎರಡೂಮುಕ್ಕಾಲು ಕೇಳಿದ್ದರು.

ಒಂದು ಎಚ್ಚರಿಕೆ. 2024ರ ಚಳಿಗಾಲದಿಂದ ಸೈಶುನ್ ಟಿಕೆಟ್ ಹಂಚಿಕೊಳ್ಳುವ ಹಾಗಿಲ್ಲ, ದಿನಗಳನ್ನು ಬಿಡಿಬಿಡಿಯಾಗಿ ಬಳಸುವ ಹಾಗೂ ಇಲ್ಲ. ಹಾಗಾಗಿ ನನ್ನ ಲೆಕ್ಕ ಈಗ ಹಾಗೇ ನಡೆಯಲ್ಲ. ಮುಂದಿನ ಸಲ ನವೆಂಬರ್‌ನಲ್ಲಿ ಫುಕುಓಕಾ ಸುಮೋ ಅಂದುಕೊಂಡಿದ್ದೇನೆ, ಪ್ಲಾನ್ ಹಾಕುತ್ತಿದ್ದೇನೆ. ಇವಳು ಹೇಳಿರುವುದು ಇಷ್ಟೇ: ರೈಲು ಯಾವುದಾದರೂ ಇರಲಿ, ಟಾಯ್ಲೆಟ್ ಇರಬೇಕು.