ಪ್ರಾಥಮಿಕ ತರಗತಿಗಳ ಶಿಕ್ಷಕರಿಗೆ ಮುಖ್ಯೋಪಾಧ್ಯಾಯರು ಬೆಂಬಲವಾಗಿ ನಿಲ್ಲುವುದು ಹೇಗೆ?

ದಿನದ ಬಹುಪಾಲು ಒಂದೇ ತರಗತಿಯ ಜೊತೆಗಿದ್ದು, ಓದು, ಬರಹ, ಲೆಕ್ಕಗಳ ನಡುವೆಯೇ ಮಕ್ಕಳ ಜಗಳ, ಅಳು, ಕಳೆದುಹೋದ ಪೆನ್ಸಿಲುಗಳ ಪಂಚಾಯಿತಿಯನ್ನೂ ನಿಭಾಯಿಸುವ ಪ್ರಾಥಮಿಕ ಶಿಕ್ಷಕರಿಗೆ ಮುಖ್ಯೋಪಾಧ್ಯಾಯರು ಮೊದಲು ಒದಗಿಸಬೇಕಾದದ್ದು ಸಮಯ. ಒಂದೇ ತರಗತಿಯ ಬೇರೆ ಬೇರೆ ವಿಭಾಗಗಳಿಗೆ ಕಲಿಸುವವರು ವಾರಕ್ಕೊಂದು ಅವಧಿಯಾದರೂ ಒಟ್ಟಿಗೆ ಕುಳಿತು ಪಾಠ ಯೋಜಿಸುವಂತೆ ವೇಳಾಪಟ್ಟಿಯನ್ನು ಹೊಂದಿಸಿ. ಯಾರಾದರೂ ರಜೆ ಹಾಕಿದ ದಿನ ಬದಲಿ ತರಗತಿಗೆ ಮೊದಲು ಬಲಿಯಾಗುವುದು ಈ ಅವಧಿಯೇ ಆದ್ದರಿಂದ, ಸಾಧ್ಯವಾದಾಗ ಆ ತರಗತಿಗೆ ನೀವೇ ಹೋಗಿ. ಕಚೇರಿಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು ಮತ್ತೆ ಬರೆದುಕೊಡಿ ಎಂದು ಕೇಳದಿರುವುದೂ ಸಣ್ಣ ಉಪಕಾರವಲ್ಲ.

ಪಾಠ ವೀಕ್ಷಣೆಯನ್ನು ವರ್ಷಕ್ಕೊಮ್ಮೆ ದಾಖಲೆಗಾಗಿ ಮುಗಿಸುವ ಬದಲು ಆಗಾಗ ಹದಿನೈದು ನಿಮಿಷ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ನಮೂನೆ ಹಿಡಿದು ಅಂಕ ಹಾಕುತ್ತ ಕುಳಿತರೆ ಶಿಕ್ಷಕರೂ ಮಕ್ಕಳೂ ಸೇರಿ ನಾಟಕವಾಡುತ್ತಾರೆ ಎಂಬುದು ನಿಮಗೂ ಗೊತ್ತಿರುವ ಸಂಗತಿಯೇ. ಏನನ್ನು ಗಮನಿಸಬೇಕೆಂದು ಶಿಕ್ಷಕರನ್ನೇ ಮುಂಚಿತವಾಗಿ ಕೇಳಿ. 52ರಿಂದ 27 ಕಳೆಯುವ ಪಾಠ ನಡೆಯುತ್ತಿದೆ ಎಂದುಕೊಳ್ಳಿ; ಕೆಲವು ಮಕ್ಕಳು ಬಿಡಿಸ್ಥಾನದಲ್ಲಿ 7ರಿಂದ 2 ಕಳೆದು, ಉತ್ತರ 35 ಎಂದು ಬರೆದಿದ್ದಾರೆ. ಶಿಕ್ಷಕರು ಕಪ್ಪುಹಲಗೆಯ ಮುಂದೆ ನಿಂತಾಗ ಕಾಣದ ಈ ತಪ್ಪು ಹಿಂದೆ ಕುಳಿತ ನಿಮಗೆ ಕಾಣುತ್ತದೆ. ಅಂಥ ಎರಡು ನೋಟ್‌ಬುಕ್‌ಗಳನ್ನು ಅಂದೇ ಸಂಜೆ ಅವರ ಮುಂದಿಟ್ಟು, "ಈ ಮಗು ಹೇಗೆ ಯೋಚಿಸಿರಬಹುದು?" ಎಂದು ಕೇಳಿದರೆ, ಹತ್ತು ಕಡ್ಡಿಗಳ ಕಟ್ಟನ್ನು ಬಿಚ್ಚಿ ಬಿಡಿಗಳಾಗಿ ತೋರಿಸುವ ಉಪಾಯ ಅವರಿಗೇ ಹೊಳೆಯಬಹುದು. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದರು; ಅಷ್ಟು ಹೊತ್ತು ಕಾಯುತ್ತಿದ್ದಾರೆಯೇ ಎಂಬುದನ್ನೂ ಗುರುತು ಹಾಕಿಕೊಳ್ಳಬಹುದು. ಒಂದು ಭೇಟಿಗೆ ಒಂದೇ ವಿಷಯ ಸಾಕು. ಆರು ಸಲಹೆ ಕೊಟ್ಟರೆ ಆರೂ ಮರೆತುಹೋಗುತ್ತವೆ.

ಪೋಷಕರು ದೂರು ತಂದಾಗ ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ, ಆದರೆ ಶಿಕ್ಷಕರೊಡನೆ ಮಾತನಾಡುವ ಮೊದಲು ತೀರ್ಪು ಕೊಡಬೇಡಿ. ತಪ್ಪು ಶಿಕ್ಷಕರದ್ದೇ ಆಗಿದ್ದರೂ ಅದನ್ನು ಮಕ್ಕಳ ಎದುರು ಆಡಬಾರದು.

ಹೊಸದಾಗಿ ಸೇರಿದವರಿಗೆ ಯಾರೂ ಒಪ್ಪದ ವಿಭಾಗವನ್ನು ದಾಟಿಸುವ ರೂಢಿಯನ್ನು ಬಿಡಿ. ಪಕ್ಕದ ಕೋಣೆಯ ಅನುಭವಿ ಶಿಕ್ಷಕರೊಬ್ಬರನ್ನು ಅವರಿಗೆ ಜೊತೆ ಮಾಡಿಕೊಡಿ. ಅವರ ಮೊದಲ ಪೋಷಕರ ಸಭೆಯಲ್ಲಿ ಪಕ್ಕದಲ್ಲಿ ಕುಳಿತಿರಿ, ಆದರೆ ಮಾತನ್ನು ಅವರಿಗೇ ಬಿಡಿ.